ಹಣೆಬರಹ ಬಿಟ್ಟವರಿಗೆ ಅದೃಷ್ಟ ಯಾಕೆ?



ಕಳೆದ ಭಾನುವಾರ ಸಿಗಾಲ ಸುತ್ತದ ಮೊದಲ ಭಾಗ ಓದಿದೆವು. ಜೂಜಿನಿಂದ ಆಗುವ ಆರು ಹಾನಿಗಳನ್ನು ಭಗವಾನ್ ಬುದ್ಧರು ಆ ಯುವಕನಿಗೆ ಎಣಿಸಿ ಹೇಳುತ್ತಾರೆ. ಗೆದ್ದವನಿಗೆ ವೈರಿಗಳು ಹುಟ್ಟುತ್ತಾರೆ. ಸೋತವನಿಗೆ ಕೊರಗು. ಕೈಯಲ್ಲಿದ್ದ ಹಣ ಹೋಗುತ್ತದೆ. ಸಭೆಯಲ್ಲಿ ಅವನ ಮಾತಿಗೆ ಬೆಲೆ ಇರುವುದಿಲ್ಲ, ಗೆಳೆಯರು ಹೀಗಳೆಯುತ್ತಾರೆ, ಯಾರೂ ಹೆಣ್ಣು ಕೊಡುವುದಿಲ್ಲ. ಓದು ಮುಗಿದ ಮೇಲೆ ನಮ್ಮ ಒಬ್ಬ ತಮ್ಮ ಕೇಳಿದ: "ಅಣ್ಣಾ, 22 ಪ್ರತಿಜ್ಞೆಗಳಲ್ಲಿ ಕುಡಿತ ಇದೆ, ಜೂಜಿನ ಹೆಸರು ಇಲ್ಲವಲ್ಲ? ಅದರ ಹಣ ಶಾಲೆಗೇ ಹೋಗುವುದಾದರೆ ತಪ್ಪೇನು?" ಅಂದು ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಇವತ್ತು ಅಮೆರಿಕದ ಒಂದು ರೇಸ್ ಕೋರ್ಸಿನ ಕಥೆಯ ಮೂಲಕ ಉತ್ತರ ಹೇಳಲು ನೋಡುತ್ತೇನೆ.

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ 1894ರಲ್ಲಿ ಅಕ್ವಿಡಕ್ಟ್ ಎಂಬ ರೇಸ್ ಕೋರ್ಸ್ ಶುರುವಾಯಿತು. ಬ್ರೂಕ್ಲಿನ್ನಿಗೆ ಕುಡಿಯುವ ನೀರು ಒಯ್ಯುವ ಕಾಲುವೆ ಪಕ್ಕದಲ್ಲೇ ಇತ್ತು, ಅದರ ಹೆಸರೇ ಇದಕ್ಕೂ ಬಂತು. 1908ರಲ್ಲಿ ಆ ರಾಜ್ಯ ಬಾಜಿಯ ವಿರುದ್ಧ ಬಿಗಿ ಕಾನೂನು ತಂದಿತು. ಅದರಿಂದ 1911, 1912 ಎರಡು ವರ್ಷ ನ್ಯೂಯಾರ್ಕಿನಲ್ಲಿ ರೇಸೇ ನಡೆಯಲಿಲ್ಲ. ಮತ್ತೆ ಆರಂಭವಾದದ್ದು 1913ರಲ್ಲಿ. ಬಾಬಾಸಾಹೇಬರು ಬರೋಡಾ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಬಂದಿಳಿದದ್ದೂ ಅದೇ ವರ್ಷ. ಇದು ಕಾಕತಾಳೀಯ, ಇದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಿಲ್ಲ. ಆದರೂ ಒಂದೇ ಊರಿನಲ್ಲಿ ಜನ ಕುದುರೆಯ ಮೇಲೆ ದುಡ್ಡು ಕಟ್ಟುತ್ತಿದ್ದಾಗ ಅವರು ಊಟದ ಖರ್ಚು ಬಿಗಿಹಿಡಿದು ಹಳೆಯ ಪುಸ್ತಕ ಕೊಳ್ಳುತ್ತಿದ್ದರು ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

1959ರಲ್ಲಿ ಅಕ್ವಿಡಕ್ಟನ್ನು ದೊಡ್ಡದಾಗಿ ಹೊಸದಾಗಿ ಕಟ್ಟಿದರು. 1965ರಲ್ಲಿ ಒಂದೇ ದಿನ 70 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಮೇಲೆ ಇಳಿಮುಖ. 1971ರಿಂದ ಸರ್ಕಾರವೇ ಊರೊಳಗೆ ಬಾಜಿ ಅಂಗಡಿಗಳನ್ನು ತೆರೆಯಿತು, ರೇಸಿಗೆ ಹೋಗದೆ ಬೀದಿಯಲ್ಲೇ ಬಾಜಿ ಕಟ್ಟಬಹುದಾಯಿತು. ಗ್ಯಾಲರಿಗಳು ಖಾಲಿಯಾಗತೊಡಗಿದವು. 2001ರಲ್ಲಿ ಸೆಪ್ಟೆಂಬರ್ ದಾಳಿಯ ನಂತರ ಖಜಾನೆ ಬರಿದಾದಾಗ, ರೇಸ್ ಕೋರ್ಸುಗಳಲ್ಲಿ ಲಾಟರಿ ಯಂತ್ರ ಇಡಲು ಕಾನೂನಾಯಿತು. ಹತ್ತು ವರ್ಷ ಗುತ್ತಿಗೆಯ ಜಗ್ಗಾಟ ನಡೆದು, ಕೊನೆಗೆ ಮಲೇಷ್ಯಾದ ಗೆಂಟಿಂಗ್ ಕಂಪನಿ 2011ರ ಅಕ್ಟೋಬರ್‌ನಲ್ಲಿ ಅಲ್ಲಿ 'ರೆಸಾರ್ಟ್ಸ್ ವರ್ಲ್ಡ್' ಕ್ಯಾಸಿನೊ ತೆರೆಯಿತು. ಸಾವಿರಾರು ಯಂತ್ರಗಳು. ಮುಂದೆ 400 ಕೋಣೆಗಳ ಹೋಟೆಲೂ ಬಂತು. ದುಡಿಯುವ ಜನ ಮೆಟ್ರೋ ರೈಲು ಇಳಿದರೆ ಅಲ್ಲೇ ಬಾಗಿಲು.

ಹೊರಗೆ ಹೇಳಿದ್ದು ಎರಡು ಮಾತು. ಯಂತ್ರದ ಹಣದಲ್ಲಿ ಒಂದು ಪಾಲು ಶಿಕ್ಷಣಕ್ಕೆ, ಇನ್ನೊಂದು ಪಾಲು ಕುದುರೆ ರೇಸನ್ನು ಉಳಿಸಲು. ತಮ್ಮ ಕೇಳಿದ್ದು ಇದನ್ನೇ ಅಲ್ಲವೇ? ಈಗ ಆ ಎರಡನೇ ಪಾಲಿನ ಹಿಂದೆ ಹೋಗಿ ನೋಡೋಣ.

ಅಲ್ಲಿ 'ಕ್ಲೇಮಿಂಗ್ ರೇಸ್' ಎಂದಿದೆ. ಓಡುವ ಪ್ರತಿ ಕುದುರೆಗೂ ಒಂದು ಮಾರಾಟದ ಬೆಲೆ ಗೊತ್ತುಮಾಡಿರುತ್ತಾರೆ. ಬೇಕಾದವರು ಓಟಕ್ಕೆ ಮೊದಲೇ ಆ ಬೆಲೆಗೆ ಬರೆಸಿ ಕೊಳ್ಳಬಹುದು. ಇಲ್ಲಿ ಓಡುವುದು ಹೆಚ್ಚಾಗಿ ಕಡಿಮೆ ಬೆಲೆಯ ಕುದುರೆಗಳು. ಕ್ಯಾಸಿನೊ ಹಣ ಹರಿದು ಬಂದದ್ದೇ ಬಹುಮಾನ ಏರಿತು, ಕುದುರೆಯ ಬೆಲೆಗಿಂತ ಒಂದು ಓಟದ ಬಹುಮಾನ ಎಷ್ಟೋ ಪಟ್ಟು ಹೆಚ್ಚಾಯಿತು. ಆಗ ಮಾಲೀಕನ ಲೆಕ್ಕವೇ ಬದಲಾಯಿತು. ಕಾಲು ನೋಯುವ ಕುದುರೆಗೆ ವಿಶ್ರಾಂತಿ ಕೊಟ್ಟರೆ ನಷ್ಟ, ಕೀಲಿಗೆ ನೋವು ಮುಚ್ಚುವ ಇಂಜೆಕ್ಷನ್ ಕೊಟ್ಟು ಓಡಿಸಿದರೆ ಲಾಭ. ಅದು ಟ್ರ್ಯಾಕಿನಲ್ಲೇ ಸತ್ತರೂ, ಕೊಳ್ಳಲು ಬರೆಸಿದವನು ಪೂರ್ತಿ ದುಡ್ಡು ಕೊಡಬೇಕಿತ್ತು.

ಕ್ಯಾಸಿನೊ ತೆರೆದ ಮೊದಲ ಚಳಿಗಾಲದಲ್ಲೇ, 2011ರ ನವೆಂಬರ್ ಕೊನೆಯಿಂದ 2012ರ ಮಾರ್ಚ್ ತನಕ, ಅಕ್ವಿಡಕ್ಟಿನಲ್ಲಿ 21 ಕುದುರೆಗಳು ಸತ್ತವು.

ಆಗ ಗವರ್ನರ್ ಸೂಚನೆಯಂತೆ ಒಂದು ಸಮಿತಿ ಆಯಿತು. ಪಶುವೈದ್ಯರು, ಒಬ್ಬ ಮಾಜಿ ಜಾಕಿ ಅದರಲ್ಲಿದ್ದರು. ರೇಸಿನ ಜನ ದುರದೃಷ್ಟ ಎನ್ನುವುದು ವಾಡಿಕೆ. ಸಮಿತಿ ಹಾಗೆ ಬರೆಯಲಿಲ್ಲ. ಒಂದೊಂದು ಸಾವನ್ನೂ ಬೇರೆಬೇರೆಯಾಗಿ ನೋಡಿತು. ಟ್ರ್ಯಾಕಿನ ಮಣ್ಣು, ಔಷಧಿ, ಡಾಕ್ಟರ ಮೇಲಿನ ಒತ್ತಡ, ಬಹುಮಾನದ ಹಣ ಎಲ್ಲವನ್ನೂ ಪರಿಶೀಲಿಸಿತು. ಅರ್ಧಕ್ಕಿಂತ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತೇನೋ ಎಂದು ಹೇಳಿತು. ಬಹುಮಾನ ಮತ್ತು ಬೆಲೆಯ ನಡುವಿನ ಅಂತರಕ್ಕೆ ಮಿತಿ ಹಾಕಿದರು. ಓಡುತ್ತಾ ಸತ್ತ ಕುದುರೆಯ ಮಾರಾಟ ರದ್ದು ಎಂಬ ನಿಯಮ ಬಂತು.

ಬಂಧುಗಳೇ, ಪಟಿಚ್ಚ ಸಮುಪ್ಪಾದ ಎಂದರೆ ನನಗೆ ಅರ್ಥವಾಗುವುದು ಹೀಗೆ. ಇದು ಇದ್ದುದರಿಂದ ಅದು ಆಯಿತು, ಇದನ್ನು ತೆಗೆದರೆ ಅದು ನಿಲ್ಲುತ್ತದೆ. ಯಂತ್ರದ ಮುಂದೆ ಕೂತು ಬಟನ್ ಒತ್ತಿದ ಹೆಂಗಸಿಗೆ ಕುದುರೆಯ ಮುಖವೂ ಗೊತ್ತಿಲ್ಲ. ಅವಳು ಕಳೆದುಕೊಂಡ ಡಾಲರಿನಲ್ಲಿ ಒಂದು ಪಾಲು ಶಾಲೆಗೆ ಹೋಯಿತು, ನಿಜ, ಅಲ್ಲಗಳೆಯುವುದಿಲ್ಲ. ಇನ್ನೊಂದು ಪಾಲು ಕುಂಟುವ ಕುದುರೆಯನ್ನು ಓಟಕ್ಕೆ ತಂದು ನಿಲ್ಲಿಸಿತು. ಶಾಲೆ ಕಟ್ಟಲು ತೆರಿಗೆ ಇದೆ, ಅದನ್ನು ಉಳ್ಳವರಿಂದಲೂ ವಸೂಲಿ ಮಾಡಬಹುದು. ಸೋತವರ ಜೇಬಿನಿಂದಲೇ ಯಾಕೆ ತೆಗೆಯಬೇಕು?

ಇಷ್ಟನ್ನು ನಾನು ದೂರದ ಊರಿನ ಮಾತಾಗಿ ಹೇಳುತ್ತಿಲ್ಲ. ನಮ್ಮಪ್ಪ ದೀಕ್ಷೆ ತೆಗೆದುಕೊಂಡವರು. ಗೋಡೆಯ ದೇವರ ಫೋಟೋಗಳನ್ನು ಇಳಿಸಿದರು, ಪಂಚಾಂಗವನ್ನು ಒಲೆಗೆ ಹಾಕಿದರು. ಹಣೆಬರಹ ಎನ್ನುವುದು ನಮ್ಮನ್ನು ಕೇರಿಯಲ್ಲೇ ಕೂರಿಸಲು ಹೆಣೆದ ಸುಳ್ಳು ಎಂದು ನನಗೆ ಮೊದಲು ಹೇಳಿದ್ದೇ ಅವರು. ಆದರೆ 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಲ್ಲುವ ತನಕ ಪ್ರತಿ ಸಂಬಳದ ದಿನ ಟಿಕೆಟ್ ತರುತ್ತಿದ್ದರು. ಇಡುತ್ತಿದ್ದುದು ಬಾಬಾಸಾಹೇಬರ ಫೋಟೋದ ಹಿಂದೆ. ನನ್ನ ಕಾಲೇಜಿನ ಫೀಸಿಗೆ ಅವ್ವ ತನ್ನ ಓಲೆ ಅಡ ಇಟ್ಟ ದಿನ, ಫೋಟೋ ಒರೆಸುವಾಗ ಒಂದು ಕಟ್ಟು ಹಳೆ ಟಿಕೆಟು ಕೆಳಗೆ ಬಿತ್ತು. ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮುಂಬಾಗಿಲಿನಿಂದ ಓಡಿಸಿದ ಹಣೆಬರಹ ಅದೃಷ್ಟ ಎಂಬ ಹೆಸರಲ್ಲಿ ಹಿತ್ತಲಿನಿಂದ ಬಂದು ಕೂತಿತ್ತು.

ತಮ್ಮಾ, 22 ಪ್ರತಿಜ್ಞೆಗಳಲ್ಲಿ ಜೂಜಿನ ಹೆಸರಿಲ್ಲ ಎಂದೆಯಲ್ಲ. 13ನೆಯದನ್ನು ಇನ್ನೊಮ್ಮೆ ಓದು. ಅದು ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಕಾಪಾಡುವ ಮಾತು. ಆ 21 ಕುದುರೆಗಳು ಅದರಲ್ಲಿ ಸೇರುತ್ತವೆ, ಅವ್ವನ ಓಲೆಯೂ ಸೇರುತ್ತದೆ ಎಂದು ನಾನು ತಿಳಿದಿದ್ದೇನೆ. ನಿನಗೆ ಬೇರೆ ಅನ್ನಿಸಿದರೆ ಬಂದು ಹೇಳು. ಈ ಭಾನುವಾರ ಸುತ್ತದ ಉಳಿದ ಭಾಗ, ಆರು ದಿಕ್ಕುಗಳ ಅರ್ಥ. ಪುಸ್ತಕ ತರಲು ಮರೆಯಬೇಡಿ.

ಜೈ ಭೀಮ್. ನಮೋ ಬುದ್ಧಾಯ.