ತಾಳ್ಮೆಯೂ ಒಂದು ಬುತ್ತಿ

ಅಕ್ಕನ ಮಗಳ ಮದುವೆ. ಬೆಳಿಗ್ಗೆ 11.50ಕ್ಕೆ ಮುಹೂರ್ತ, ಬಿ.ಸಿ. ರೋಡಿನ ಸಭಾಭವನದಲ್ಲಿ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. ಆ ಹೊತ್ತಿಗೆ ನಾನಿದ್ದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಹೆಗಲಿನ ಚೀಲದಲ್ಲಿ ಜರಿಯಂಚಿನ ಪಂಚೆ. ಎದುರಿನ ಕೌಂಟರಿನಲ್ಲಿ ನನ್ನ ಮಗಳ ವಯಸ್ಸಿನ ಒಬ್ಬಳು ಹುಡುಗಿ. ಅವಳ ಮೇಲೆ ನಾನು ಕೂಗಾಡುತ್ತಿದ್ದೆ.

ಮುಂಬೈಯಿಂದ ಮಂಗಳೂರಿಗೆ ಹೊರಟವನು ಬೆಂಗಳೂರಿಗೆ ಬಂದದ್ದು ಮಳೆಯಿಂದಾಗಿ. ಜೂನ್ ತಿಂಗಳು, ಮಳೆಗಾಲ ಹಿಡಿದು ಹತ್ತು ದಿನವಾಗಿತ್ತು. ಬೆಳಿಗ್ಗೆ ಆರೂವರೆಗೆ ಹೊರಟ ವಿಮಾನ ಎಂಟು ಗಂಟೆಗೆ ಬಜ್ಪೆಯ ಮೇಲಿತ್ತು. ಕಿಟಕಿಯಾಚೆ ಮೋಡ ಬಿಟ್ಟರೆ ಬೇರೇನೂ ಇಲ್ಲ. ಸುತ್ತು ಹಾಕಿತು. ಒಮ್ಮೆ ಕೆಳಗಿಳಿಯಿತು, ಚಕ್ರ ಬಿಚ್ಚಿಕೊಂಡ ಸದ್ದೂ ಕೇಳಿಸಿತು. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಎಂಜಿನ್ ಗರ್ಜಿಸಿ ಮತ್ತೆ ಮೇಲಕ್ಕೇರಿತು. ಇನ್ನಷ್ಟು ಹೊತ್ತು ಸುತ್ತಿದ ಮೇಲೆ ಪೈಲಟ್ ಹೇಳಿದ: ರನ್‌ವೇ ಕಾಣಿಸುತ್ತಿಲ್ಲ, ಬೆಂಗಳೂರಿಗೆ ಹೋಗುತ್ತಿದ್ದೇವೆ.

“ಎಂಥಾ ಪೈಲಟ್ ಇವನು? ಇಷ್ಟು ಹತ್ತಿರ ಬಂದು ಇಳಿಸೋಕೆ ಆಗಲ್ವಾ?” ಎಂದು ಹಿಂದಿನ ಸಾಲಿನಿಂದ ಒಬ್ಬರು ಅಂದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಪಕ್ಕದ ಸೀಟಿನ ಹಿರಿಯರು ಮಾತ್ರ ಕಿಟಕಿ ಕಡೆ ನೋಡುತ್ತಲೇ ಹೇಳಿದರು: “ಇಳಿಸದೆ ಹೋದದ್ದೇ ಒಳ್ಳೇದಾಯ್ತು ಮಾರಾಯ್ರೆ. ಇದು ಬಜ್ಪೆ.”

ಕರಾವಳಿಯವರಿಗೆ ಆ ಒಂದು ಹೆಸರು ಸಾಕು. ಗುಡ್ಡದ ನೆತ್ತಿಯನ್ನು ಮಟ್ಟಸ ಮಾಡಿ ಕಟ್ಟಿದ ನಿಲ್ದಾಣ ಅದು. ರನ್‌ವೇ ಮುಗಿದರೆ ಮುಂದೆ ಇಳಿಜಾರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಇಳಿಯುವ ದಾರಿಯಲ್ಲಿ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದ ಎಂಬುದು ತನಿಖಾ ವರದಿಯಲ್ಲಿದೆ. ಆ ಮಾತು ನಡೆಯಲಿಲ್ಲ.

ಅಂದು ಆಗದೇ ಹೋದದ್ದನ್ನು ನಮ್ಮ ಪೈಲಟ್ ನಮ್ಮ ಕಣ್ಣೆದುರೇ ಮಾಡಿದ್ದ. ನಾವು ಅವನನ್ನು ಬೈಯುತ್ತಿದ್ದೆವು.

ಹೊರಡುವ ಮೊದಲೇ ಬರೆದಿಟ್ಟ ಇನ್ನೊಂದು ಊರು

ಅವನು ಅಷ್ಟು ಸಮಾಧಾನದಿಂದ “ಬೆಂಗಳೂರಿಗೆ ಹೋಗುತ್ತೇವೆ” ಎನ್ನಲು ಸಾಧ್ಯವಾದದ್ದು ಹೇಗೆ? ಗಟ್ಟಿ ಗುಂಡಿಗೆ ಎನ್ನಬಹುದು. ಆದರೆ ಅದಕ್ಕಿಂತ ಸರಳವಾದ ಕಾರಣವೊಂದಿದೆ. ಪ್ರಯಾಣಿಕರ ವಿಮಾನ ಹೊರಡುವ ಮೊದಲೇ ಅದರ ಫ್ಲೈಟ್ ಪ್ಲ್ಯಾನಿನಲ್ಲಿ ಹೋಗುವ ಊರಿನ ಜೊತೆಗೆ ಇನ್ನೊಂದು ಊರನ್ನೂ ಬರೆದಿಡುತ್ತಾರೆ: ಅಲ್ಲಿ ಇಳಿಯಲಾಗದಿದ್ದರೆ ಇಲ್ಲಿ. ಅದಕ್ಕೆ ‘ಆಲ್ಟರ್ನೇಟ್’ ಎಂದು ಹೆಸರು. ಇಂಧನದ ಲೆಕ್ಕವೂ ಹಾಗೆಯೇ. ಹೋಗುವ ಊರಿಗೆ ಬೇಕಾದಷ್ಟು, ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ಎಂದು ಒಂದಿಷ್ಟು, ಅಲ್ಲಿಂದ ಇನ್ನೊಂದು ಊರಿಗೆ ಹೋಗಲು ಬೇಕಾದಷ್ಟು. ಇಷ್ಟಾದ ಮೇಲೂ ಜೆಟ್ ವಿಮಾನದ ಟ್ಯಾಂಕಿನಲ್ಲಿ 30 ನಿಮಿಷ ಹಾರುವಷ್ಟು ಇಂಧನ ಮಿಕ್ಕಿರಬೇಕು. ಈ ಕೊನೆಯ ಅರ್ಧ ಗಂಟೆಯದ್ದು ಮುಟ್ಟುವುದಕ್ಕೆ ಇರುವುದಲ್ಲ. ಇಳಿಯುವಷ್ಟರಲ್ಲಿ ಅದಕ್ಕೂ ಕೈ ಹಾಕಬೇಕಾದೀತು ಎಂದು ಕಂಡರೆ ಪೈಲಟ್ ‘ಮೇಡೇ’ ಎಂದು ಸಾರಬೇಕು.

ಇನ್ನೊಂದು ಊರಿನ ಹೆಸರು ಬರೆದಿತ್ತು, ಅಲ್ಲಿಗೆ ಹೋಗುವಷ್ಟು ಇಂಧನ ಇತ್ತು. ಹಾಗಾಗಿ ಅವನಿಗೆ ಬಜ್ಪೆಯಲ್ಲಿ ಇಳಿಯಲೇಬೇಕೆಂಬ ಹಟ ಬೇಕಾಗಲಿಲ್ಲ.

ನನ್ನ ಲೆಕ್ಕದಲ್ಲಿ ಇನ್ನೊಂದು ಊರೇ ಇರಲಿಲ್ಲ. “ಮಳೆಗಾಲ, ಹಿಂದಿನ ದಿನವೇ ಬಂದುಬಿಡು” ಎಂದು ಅಕ್ಕ ಎರಡು ಸಲ ಫೋನು ಮಾಡಿದ್ದಳು. ಒಂದು ದಿನದ ರಜೆ ಉಳಿಸಲು ನಾನು ಮುಹೂರ್ತದ ದಿನದ ಬೆಳಗಿನ ವಿಮಾನವನ್ನೇ ಹಿಡಿದೆ. ಎಂಟೂಕಾಲಿಗೆ ಇಳಿದು, ಒಂಬತ್ತೂವರೆಗೆ ಸಭಾಭವನದಲ್ಲಿದ್ದು, ಹತ್ತು ಗಂಟೆಗೆ ಪಂಚೆ ಉಟ್ಟು ನಿಲ್ಲುವುದೆಂದು ಲೆಕ್ಕ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಮಳೆಗೆ ಮಾತ್ರ ಅದರಲ್ಲಿ ಜಾಗ ಇರಲಿಲ್ಲ.

ಕೌಂಟರಿನ ಮುಂದೆ

ಬೆಂಗಳೂರಿನಲ್ಲಿ ಒಂದೂವರೆ ಗಂಟೆ ವಿಮಾನದೊಳಗೇ ಕೂರಿಸಿದರು. ಬಳಿಕ ಇಳಿಸಿದರು. ಆ ಸಿಬ್ಬಂದಿ ರಾತ್ರಿಯಿಂದಲೇ ಕೆಲಸದಲ್ಲಿದ್ದವರಂತೆ. ಅವರ ಡ್ಯೂಟಿ ಅವಧಿ ಮುಗಿದಿತ್ತು. ಬೇರೆ ಸಿಬ್ಬಂದಿ ಬರಬೇಕು, ಬಜ್ಪೆಯಲ್ಲಿ ಮೋಡ ತಿಳಿಯಾಗಬೇಕು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ.

ಕೌಂಟರಿನ ಸುತ್ತ ಜನ ಮುತ್ತಿದರು. ನಾನು ಮುನ್ನುಗ್ಗಿ ಹೋಗಿ, “ನಿಮ್ಮ ಮನೆಯಲ್ಲಿ ಮದುವೆ ಇದ್ದಿದ್ದರೆ ಗೊತ್ತಾಗುತ್ತಿತ್ತು” ಎಂದೆ. ಹುಡುಗಿ ಕನ್ನಡದಲ್ಲೇ ಉತ್ತರ ಕೊಟ್ಟಳು: “ಸರ್, ಮಂಗಳೂರಲ್ಲಿ ಮಳೆ ಯಾವಾಗ ನಿಲ್ಲುತ್ತೆ ಅಂತ ನನಗೆ ಗೊತ್ತಿಲ್ಲ. ಗೊತ್ತಿರೋದನ್ನ ಕೇಳಿ, ಹೇಳ್ತೀನಿ.”

ಆಗ ಅದು ಉಡಾಫೆಯ ಮಾತೆನಿಸಿತ್ತು. ಈಗ ಯೋಚಿಸಿದರೆ, ಆ ದಿನ ಅಷ್ಟು ಉಪಯೋಗದ ಮಾತನ್ನು ಇನ್ಯಾರೂ ಆಡಲಿಲ್ಲ. ಅವಳಿಗೆ ಗೊತ್ತಿಲ್ಲದ್ದನ್ನೇ ನಾವು ಇಪ್ಪತ್ತು ಮಂದಿ ಇಪ್ಪತ್ತು ಸಲ ಕೇಳುತ್ತಿದ್ದೆವು. ಅವಳಿಗೆ ಗೊತ್ತಿದ್ದದ್ದು ಬೇಕಾದಷ್ಟಿತ್ತು: ಊಟದ ಕೂಪನ್ ಎಲ್ಲಿ ಸಿಗುತ್ತದೆ, ಹೊಸ ಸಿಬ್ಬಂದಿ ಎಷ್ಟು ಗಂಟೆಗೆ ಬರುತ್ತಾರೆ, ಸಂಜೆಯ ಇನ್ನೊಂದು ವಿಮಾನದಲ್ಲಿ ಸೀಟಿದೆಯೇ, ಇಲ್ಲೇ ಇಳಿದು ರಸ್ತೆಯಲ್ಲಿ ಹೋಗುವವರಿಗೆ ಲಗೇಜು ಸಿಗಲು ಎಷ್ಟು ಹೊತ್ತು. ಅದನ್ನು ಕೇಳಿದವರು ಒಬ್ಬಿಬ್ಬರು. ಅವರ ಕೆಲಸ ಐದು ನಿಮಿಷದಲ್ಲಿ ಆಯಿತು.

ಸುಮ್ಮನಿದ್ದುಬಿಡಿ ಎಂದು ನಾನು ಹೇಳುತ್ತಿಲ್ಲ. ತಡದ ವಿಷಯದಲ್ಲಿ ಡಿಜಿಸಿಎ ನಿಯಮಗಳಿವೆ. ಪ್ರಯಾಣದ ಉದ್ದಕ್ಕೆ ತಕ್ಕಂತೆ ಎರಡರಿಂದ ನಾಲ್ಕು ಗಂಟೆ ತಡವಾದರೆ ತಿಂಡಿ, ಊಟ. ತಡ 6 ಗಂಟೆ ಮೀರುವಂತಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು. ಹವಾಮಾನದಿಂದಾದ ತಡಕ್ಕೆ ಪರಿಹಾರ ಧನ ಮಾತ್ರ ಸಿಗುವುದಿಲ್ಲ. ಇವನ್ನು ತಿಳಿದಿರುವವನು ದನಿ ಏರಿಸಬೇಕಾಗಿಲ್ಲ. ನನ್ನ ದನಿ ಏರಿದ್ದು ನನಗೆ ನಿಯಮ ಗೊತ್ತಿರಲಿಲ್ಲ ಎಂದು; ಅದಕ್ಕಿಂತ ಹೆಚ್ಚಾಗಿ, ತಪ್ಪು ನನ್ನದೇ ಎಂದು ಒಳಗೊಳಗೇ ಗೊತ್ತಿತ್ತು ಎಂದು.

ರಸ್ತೆಯಲ್ಲಿ ಹೊರಟುಬಿಡಲೇ ಎಂಬ ಯೋಚನೆಯೂ ಬಂತು. ಮಂಗಳೂರು ಸುಮಾರು 350 ಕಿಲೋಮೀಟರು, ನಡುವೆ ಶಿರಾಡಿ ಘಾಟಿ, ಮೇಲೆ ಮಳೆ. ಎರಡು ಸಲ ಟ್ಯಾಕ್ಸಿ ವಿಚಾರಿಸಿ ಎರಡು ಸಲವೂ ಬಿಟ್ಟೆ. ಹೊರಟರೆ ಅಷ್ಟರಲ್ಲಿ ವಿಮಾನ ಹೋದರೆ? ಕಾದರೆ ಸಂಜೆಯವರೆಗೂ ಹೋಗದಿದ್ದರೆ? ಸಮಾಧಾನವಾಗಿದ್ದಾಗ ಇನ್ನೊಂದು ದಾರಿಯನ್ನು ಯೋಚಿಸಿ ಇಡದವನು ಸಂಕಟದ ನಡುವೆ ಯೋಚಿಸಲಾರ, ಬರೀ ತೂಗಾಡುತ್ತಾನೆ. ನಾನು ತೂಗಾಡುತ್ತಿದ್ದಾಗಲೇ 11.50 ಕಳೆಯಿತು. ಮದುಮಗಳನ್ನು ನನ್ನ ತಮ್ಮ ಮಂಟಪಕ್ಕೆ ಕರೆತಂದ. ವಿಡಿಯೊ ಕರೆಯಲ್ಲಿ ಅದನ್ನು ನೋಡಿದೆ. ಓಲಗದ ಸದ್ದಿನಲ್ಲಿ ಯಾರ ಮಾತೂ ಕೇಳಿಸಲಿಲ್ಲ.

ಚೀಲದಿಂದ ಹೊರಬಂದ ಚಪಾತಿ

ಪಕ್ಕದ ಸೀಟಿನ ಹಿರಿಯರು ಗೋಡೆಯ ಬದಿಯ ಕುರ್ಚಿಯೊಂದರಲ್ಲಿ ಚಪ್ಪಲಿ ಕಳಚಿಟ್ಟು ಕೂತಿದ್ದರು. ನಲವತ್ತು ವರ್ಷ ಮುಂಬೈಯ ಹೋಟೆಲುಗಳಲ್ಲಿ ದುಡಿದವರು, ಊರು ಮೂಡುಬಿದಿರೆ ಕಡೆ. ನನ್ನನ್ನು ಕರೆದು ಕೂರಿಸಿದರು. ಚೀಲದಿಂದ ಚಪಾತಿ, ಚಟ್ನಿ ಪುಡಿ ತೆಗೆದು ಅರ್ಧ ನನ್ನ ಕಡೆ ಸರಿಸಿದರು.

“ನಿಮಗೆ ಏನೂ ತುರ್ತಿಲ್ವಾ?” ಎಂದೆ.

“ಉಂಟಲ್ಲ. ನಾಡಿದ್ದು ಅಣ್ಣನ ವರ್ಷಾಂತಿಕ.”

“ನಾಡಿದ್ದಾ? ಹಾಗಿದ್ರೆ ಇವತ್ತೇ ಯಾಕೆ ಹೊರಟದ್ದು?”

“ಮಳೆಗಾಲದಲ್ಲಿ ಊರಿಗೆ ಹೋಗುವವ ಒಂದು ದಿನ ಕೈಯಲ್ಲಿ ಇಟ್ಕೊಂಡೇ ಹೊರಡ್ಬೇಕು. ನಾವು ಬಸ್ಸಲ್ಲಿ ಬರ್ತಿದ್ದಾಗ್ಲೂ ಹಾಗೇ. ಈಗ ಬಸ್ಸಿಗೆ ರೆಕ್ಕೆ ಬಂದದ್ದು ಅಷ್ಟೆ, ಮಳೆ ಅದೇ ಅಲ್ವಾ?”

ಇವರಿಗೆ ಹುಟ್ಟಿನಿಂದಲೇ ತಾಳ್ಮೆಯ ಸ್ವಭಾವವಿರಬೇಕು ಎಂದು ಆವರೆಗೆ ಅಂದುಕೊಂಡಿದ್ದೆ. ಅವರು ತಾಳ್ಮೆಯನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು, ಆ ಚಪಾತಿಯ ಹಾಗೆ. ಅವರ ಬಳಿ ಒಂದು ಇಡೀ ದಿನ ಮಿಕ್ಕಿತ್ತು. ಹತ್ತು ಗಂಟೆ ಹೋದರೂ ಅವರು ಕಳೆದುಕೊಳ್ಳುವುದೇನೂ ಇರಲಿಲ್ಲ. ನನ್ನ ಬಳಿ ಎರಡು ಗಂಟೆಯಷ್ಟೇ ಇತ್ತು. ಅದು ಬಜ್ಪೆಯ ಮೋಡದಲ್ಲೇ ಕರಗಿತು. ಬಳಿಕ ಉಳಿದದ್ದು ಸಿಟ್ಟು.

‘ತಾಳಿದವನು ಬಾಳಿಯಾನು’ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ತಾಳಲು ಕೈಯಲ್ಲಿ ಏನಾದರೂ ಇರಬೇಕು ಎಂಬುದನ್ನು ಗಾದೆ ಬಿಡಿಸಿ ಹೇಳುವುದಿಲ್ಲ. ನಮ್ಮ ಅಜ್ಜಿ ಮಾಡಿ ತೋರಿಸುತ್ತಿದ್ದಳು. ಮೂರು ಗಂಟೆಯ ಬಸ್ ಪ್ರಯಾಣಕ್ಕೂ ಬಾಳೆಲೆಯಲ್ಲಿ ಬುತ್ತಿ ಕಟ್ಟುವಳು. “ಮಧ್ಯಾಹ್ನಕ್ಕೆ ತಲುಪುತ್ತೇವಲ್ಲ, ಯಾಕಜ್ಜಿ?” ಎಂದರೆ, “ಬಸ್ ಕೆಟ್ಟರೆ?” ಎನ್ನುವಳು. ಹತ್ತರಲ್ಲಿ ಒಂಬತ್ತು ಸಲ ಬಸ್ ಕೆಡುತ್ತಿರಲಿಲ್ಲ. ಬುತ್ತಿಯನ್ನು ಊರು ಮುಟ್ಟಿದ ಮೇಲೆ ಬಿಚ್ಚಿ ತಿನ್ನುತ್ತಿದ್ದೆವು. ವಿಮಾನದ ಕೊನೆಯ ಅರ್ಧ ಗಂಟೆಯ ಇಂಧನಕ್ಕೂ ಅಜ್ಜಿಯ ಬುತ್ತಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ವೇಳಾಪಟ್ಟಿಯಲ್ಲಿ ಮಳೆಗೊಂದು ಜಾಗ

ನಮ್ಮ ಊರಿನ ಕಡೆಯೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1998ರಿಂದ ಪೂರ್ತಿಯಾಗಿ ಓಡುತ್ತಿರುವ ಕೊಂಕಣ ರೈಲ್ವೆಗೆ ಪ್ರತಿವರ್ಷ ಮಳೆಗಾಲದ್ದೇ ಒಂದು ವೇಳಾಪಟ್ಟಿ. ಅದೇ ರೈಲು, ಅದೇ ಹಳಿ. ಆದರೆ ಮಳೆಗಾಲ ಬಂತೆಂದರೆ ವೇಗ ಇಳಿಸಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಜೋರು ಮಳೆಗೆ ಮುಂದೆ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರು ಮೀರಬಾರದು ಎಂದು ಚಾಲಕರಿಗೆ ಸೂಚನೆ. ಗುಡ್ಡ ಕುಸಿಯಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡು ಅಚ್ಚು ಹಾಕಿಸಿದ ವೇಳಾಪಟ್ಟಿ ಅದು.

ನಮ್ಮ ಬದುಕಿನ ವೇಳಾಪಟ್ಟಿ ನೋಡಿ. ಸಂಬಳ ಬಂದ ದಿನವೇ ಕಂತುಗಳಿಗೆ ಮುಗಿಯುತ್ತದೆ. ಮಗುವಿಗೆ ಜ್ವರ ಬಂದರೆ ಸಾಲ. ಒಂದು ಮೀಟಿಂಗ್ ಮುಗಿದ ಗಳಿಗೆಗೇ ಇನ್ನೊಂದು. ನಡುವೆ ನೀರು ಕುಡಿಯಲು ಎದ್ದರೆ ದಿನವೆಲ್ಲ ಜಾರುತ್ತದೆ. ಒಂಬತ್ತಕ್ಕೆ ಇರಬೇಕಾದಲ್ಲಿಗೆ ಎಂಟೂ ನಲವತ್ತಕ್ಕೆ ಮನೆ ಬಿಡುತ್ತೇವೆ. ಸಿಗ್ನಲ್ಲಿನಲ್ಲಿ ಅಡ್ಡ ಬಂದ ಆಟೋದವನು ನಮ್ಮ ವೈರಿಯಾಗುತ್ತಾನೆ. ನಾವು ಸಿಡುಕಿನ ಮನುಷ್ಯರು ಎಂದು ನಮ್ಮನ್ನೇ ಹಳಿದುಕೊಂಡು ಧ್ಯಾನದ ಶಿಬಿರ ಸೇರುತ್ತೇವೆ. ಶಿಬಿರ ಒಳ್ಳೆಯದೇ. ಆದರೆ ಇಪ್ಪತ್ತು ನಿಮಿಷ ಮೊದಲು ಮನೆ ಬಿಟ್ಟರೆ ಅರ್ಧ ಸಿಡುಕು ಅಲ್ಲಿಗೇ ಹೋಗುತ್ತದೆ.

ಎಲ್ಲದಕ್ಕೂ ಹೆಚ್ಚುವರಿ ಇಟ್ಟುಕೊಳ್ಳುತ್ತ ಹೋದರೆ ಬದುಕುವುದೆಂತು ಎಂದು ಕೇಳಬಹುದು. ಅದೂ ನಿಜ. ವಿಮಾನಕ್ಕೆ ಹೆಚ್ಚು ಇಂಧನ ತುಂಬಿದಷ್ಟೂ ತೂಕ ಹೆಚ್ಚು, ಆ ತೂಕ ಹೊರಲು ಮತ್ತಷ್ಟು ಇಂಧನ ಬೇಕು. ಅದಕ್ಕೇ ಅವರು ಅಳತೆ ಮಾಡಿ ತುಂಬುತ್ತಾರೆ. ನಾವೂ ಅಳೆಯಬಹುದು. ಯಾವ ಕೆಲಸ ತಪ್ಪಿದರೆ ಮತ್ತೆ ಸಿಗುವುದಿಲ್ಲವೋ ಅದಕ್ಕೆ ಮಾತ್ರ ಒಂದು ದಿನ; ಉಳಿದವಕ್ಕೆ ಅರ್ಧ ಗಂಟೆ ಸಾಕು. ಹಾಗೆ ತೆಗೆದಿಟ್ಟದ್ದನ್ನು ದಾರಿಯಲ್ಲಿ ಬೇರೆಯದಕ್ಕೆ ಖರ್ಚು ಮಾಡಬಾರದು. ಇನ್ನೊಂದು ದಾರಿ ಯಾವುದು, ಎಷ್ಟು ಹೊತ್ತು ಕಾದ ಮೇಲೆ ಅದನ್ನು ಹಿಡಿಯುವುದು ಎಂಬುದನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಹೊತ್ತು ಬಂದಾಗ ಚೀಟಿ ಹೇಳಿದಂತೆ ನಡೆದರಾಯಿತು.

ನಮ್ಮ ವಿಮಾನ ಸಂಜೆ ಐದೂಕಾಲಿಗೆ ಹೊರಟಿತು. ಹೊರಡುವ ಮೊದಲು ಕೌಂಟರಿಗೆ ಹೋಗಿ ಆ ಹುಡುಗಿಯನ್ನು ಹುಡುಕಿದೆ. ಅವಳ ಪಾಳಿ ಮುಗಿದಿತ್ತು. ಕೇಳಬೇಕಾದ ಕ್ಷಮೆ ಹಾಗೇ ಉಳಿಯಿತು. ರಾತ್ರಿ ಏಳೂವರೆಗೆ ಸಭಾಭವನ ಮುಟ್ಟಿದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮದುಮಗಳು ಗಂಡನ ಮನೆಗೆ ಹೋಗಿಯಾಗಿತ್ತು. ಅಕ್ಕ ಬೈಯಲಿಲ್ಲ. “ನಿನ್ನೆಯೇ ಬಾ ಅಂತ ಹೇಳಿದ್ದೆ” ಎಂದಳು, ಅಷ್ಟೆ. ಆಮೇಲೆ ನನಗೆಂದು ಎತ್ತಿಟ್ಟಿದ್ದ ಹೋಳಿಗೆಯ ಡಬ್ಬಿ ಕೈಗೆ ಕೊಟ್ಟಳು.

ಎರಡು ವರ್ಷದ ಬಳಿಕ ಅವಳ ಕಿರಿಮಗಳ ಮದುವೆ, ನವೆಂಬರಿನಲ್ಲಿ. ಮಳೆಯಿಲ್ಲ, ಮೋಡವಿಲ್ಲ. ಆದರೂ ಒಂದು ದಿನ ಮೊದಲೇ ಹೊರಟೆ. ವಿಮಾನ ಹೇಳಿದ ಸಮಯಕ್ಕೇ ಬಜ್ಪೆಯಲ್ಲಿ ಇಳಿಯಿತು. ಕೈಯಲ್ಲಿ ಉಳಿದ ಆ ಒಂದು ದಿನ ಅಕ್ಕನ ಮನೆಯಂಗಳದಲ್ಲಿ ನೆರೆಕರೆಯವರ ಜೊತೆ ಕೂತು ಮದುವೆಯ ಅಡುಗೆಗೆ ಸೌತೆಕಾಯಿ ಹೆಚ್ಚಿದೆ.