ಮಾಲೆ ಇಳಿದ ಮೇಲೆ


41 ದಿನ ಮದ್ಯ ಮುಟ್ಟದ ಸ್ವಾಮಿಗಳಲ್ಲಿ ಕೆಲವರು, ಮಾಲೆ ಇಳಿಸಿದ ವಾರಕ್ಕೇ ಕುಡಿದು ಬೈಕ್ ಹತ್ತುತ್ತಾರೆ. "ವ್ರತ ಮುಗಿಯಿತಲ್ಲ, ತಪ್ಪೇನು?" ಎಂದು ನಮ್ಮ ಕಾಚಿಗೂಡದ ಗೆಳೆಯನೊಬ್ಬ ಕೇಳಿದ.

ಕಾನೂನಿಗೆ ಮಂಡಲದ ಲೆಕ್ಕವಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ, 100 ಮಿ.ಲೀ. ರಕ್ತದಲ್ಲಿ ಮದ್ಯ 30 ಮಿ.ಗ್ರಾಂ ಮೀರಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು 2 ವರ್ಷದವರೆಗೆ. ಲೈಸೆನ್ಸೂ ಹೋಗಬಹುದು.

ಆದರೆ ಪೊಲೀಸರಿಲ್ಲದ ಗಲ್ಲಿಯಲ್ಲಿ ದಂಡದ ಭಯ ಇರುವುದಿಲ್ಲ. ಅಲ್ಲಿ ತಡೆಯುವುದು ಯಾವುದು? ವ್ರತದಲ್ಲಿ ಎದುರಿಗೆ ಬಂದವರನ್ನೆಲ್ಲ 'ಸ್ವಾಮಿ' ಎಂದೆವು. ಸನ್ನಿಧಾನದ 'ತತ್ತ್ವಮಸಿ'ಯ ಅರ್ಥವೂ ಅದೇ ಎಂದು ನಾನು ನಂಬಿದ್ದೇನೆ. ಇಳಿದದ್ದು ನಮ್ಮ ಕೊರಳಿನ ಮಾಲೆ. ರಸ್ತೆ ದಾಟುವ ಅಜ್ಜ ಇವತ್ತೂ ಸ್ವಾಮಿಯೇ.

ಕುಡಿದವರ ಕೈಗೆ ಕೀಲಿ ಕೊಡಬೇಡಿ. ಸ್ವಾಮಿ ಶರಣಂ.