ಬೆಂಚುಗಳ ನಡುವೆ

ರೋಲ್ ನಂಬರ್ 32 ದಿನವೂ ತಪ್ಪದೆ ಹಾಜರಿ ಹಾಕುತ್ತಿದ್ದ. 2020ರ ಸೆಪ್ಟೆಂಬರ್‌ನಲ್ಲಿ ಪದವಿ ತರಗತಿಗಳು ಫೋನಿನೊಳಗೆ ಶುರುವಾದಾಗಿನ ಮಾತು. ಹೆಸರು ಕೂಗಿದರೆ ದನಿ ಬರುವುದಿಲ್ಲ, ಚಾಟ್‌ನಲ್ಲಿ ‘ಪ್ರೆಸೆಂಟ್ ಸರ್’ ಎಂದು ಬೀಳುತ್ತದೆ, ಆಮೇಲೆ ಗಪ್‌ಚುಪ್. ಅಸೈನ್‌ಮೆಂಟ್ ಒಂದೂ ಬಂದಿರಲಿಲ್ಲ. ಲಾಗಿನ್ ಆಗಿ ಮಲಗುವ ಗಿರಾಕಿ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ.

ಒಂದು ದಿನ ಕ್ಲಾಸಿನ ಹೊತ್ತಿನಲ್ಲೇ, ಬೇಕೆಂದೇ, ಮನೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವನ ಅಮ್ಮ. “ಅವನು ಕ್ಲಾಸಿಗೆ ಹೋಗಿದಾನೆ ಸರ್, ಗುಡ್ಡದ ಮೇಲೆ” ಎಂದರು. ಹೊಸನಗರದ ಕಡೆಯವರು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಗುಡ್ಡದ ನೆತ್ತಿಯಲ್ಲಿ ಎರಡು ಕಡ್ಡಿ ಬರುತ್ತಿತ್ತು. ಆ ಎರಡು ಕಡ್ಡಿಯಲ್ಲಿ ಚಾಟ್ ಓಡುತ್ತದೆ, ನನ್ನ ದನಿ ತುಂಡುತುಂಡಾಗಿ ಬರುತ್ತದೆ, ನಾನು ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕ ಮಸುಕು ಕಲೆಯಾಗಿ ನಿಲ್ಲುತ್ತದೆ. ಮುಂದಿನ ವರ್ಷದ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯ ಚಿತ್ರ ಊರೆಲ್ಲ ಹರಿದಾಡಿತಲ್ಲ, ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಮಗಳ ತಲೆಗೆ ಅಪ್ಪ ಕೊಡೆ ಹಿಡಿದು ನಿಂತಿದ್ದು? ಅದನ್ನು ನೋಡಿ ಎಲ್ಲರೂ ಮರುಗಿದರು. ನನಗೆ ಮಾತ್ರ ನಾಚಿಕೆಯೂ ಆಯಿತು.

ಅವನ ಅಮ್ಮನ ಜೊತೆ ಮಾತಾಡಿದ ದಿನವೇ ರಾತ್ರಿ ಒಂದು ಹಾಳೆಯಲ್ಲಿ ಲೆಕ್ಕ ಬರೆದು, ಫೋಟೊ ತೆಗೆದು, ಐದು ನಿಮಿಷದ ವಾಯ್ಸ್ ಮೆಸೇಜ್ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಮಾರ್ಜಿನಲ್ ಕಾಸ್ಟಿಂಗ್. ಒಂದು ವಸ್ತುವಿನ ಬೆಲೆ 20 ರೂಪಾಯಿ, ಅದರ ಮೇಲೆ ಬೀಳುವ ಚರ ವೆಚ್ಚ 12, ಒಟ್ಟು ಸ್ಥಿರ ವೆಚ್ಚ 40,000. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ಎಷ್ಟು ಮಾರಬೇಕು? ಮರುದಿನ ಅವನ ನೋಟ್‌ಬುಕ್ಕಿನ ಫೋಟೊ ಬಂತು. ಉತ್ತರ: 2,000. ನೋಡಿದ ಕೂಡಲೇ ಎಲ್ಲಿ ಎಡವಿದ್ದಾನೆ ಎಂದು ಗೊತ್ತಾಯಿತು. 40,000ವನ್ನು 20ರಿಂದ ಭಾಗಿಸಿದ್ದ. ಒಂದು ವಸ್ತು ಮಾರಿದರೆ ಕೈಗೆ ಉಳಿಯುವುದು 8 ರೂಪಾಯಿ ಮಾತ್ರ, ಅದರಿಂದ ಭಾಗಿಸಿದರೆ 5,000. ಆ 20ರ ಸುತ್ತ ಒಂದು ಸುತ್ತು ಹಾಕಿ, ‘ಇದರಲ್ಲಿ 12 ಆಗಲೇ ಖರ್ಚಾಗಿದೆ ಅಲ್ವಾ?’ ಎಂದು ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಸರಿಯಾದ ಲೆಕ್ಕ ಬಂತು. ಅದರ ಹಿಂದೆಯೇ, ಕೇಳದಿದ್ದರೂ, ಇನ್ನೆರಡು ಲೆಕ್ಕ.

ತರಗತಿಯಲ್ಲಾಗಿದ್ದರೆ ಈ 2,000 ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಲೆಕ್ಕ ಕೊಟ್ಟು ಬೆಂಚುಗಳ ನಡುವೆ ನಡೆಯುತ್ತೇವೆ. ಬಗ್ಗಿ ನೋಡುತ್ತೇವೆ. ಯಾರ ಪೆನ್ನು ನಿಂತಿದೆ, ಯಾರು ಪಕ್ಕದವನದು ಇಣುಕುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಪಾಠ ಹೇಳುವುದು ನನ್ನ ಕೆಲಸ ಎಂದುಕೊಂಡಿದ್ದೆ, ಅರ್ಧ ಕೆಲಸ ಈ ನಡಿಗೆಯಲ್ಲಿತ್ತು. ಆನ್‌ಲೈನ್‌ಗೆ ಹೋದಾಗ ಪಾಠವನ್ನು ಮಾತ್ರ ಒಯ್ದೆವು, ನಡಿಗೆಯನ್ನು ತರಗತಿಯಲ್ಲೇ ಬಿಟ್ಟೆವು. ಐವತ್ತೈದು ನಿಮಿಷ ಮಾತಾಡಿ, ನಡುನಡುವೆ ‘ಕೇಳಿಸ್ತಾ ಇದೆಯಾ?’ ಎಂದರೆ ಆಯಿತು. ಕೇಳಿಸುತ್ತಿದೆಯೇ ಎಂದು ಕೇಳಿದಷ್ಟು ಸಲ ಅರ್ಥವಾಯಿತೇ ಎಂದು ಕೇಳಲಿಲ್ಲ.

ಐವತ್ತೈದು ನಿಮಿಷ ಯಾರು ಕೇಳುತ್ತಾರೆ ಎನ್ನುವುದೂ ಗೊತ್ತಿಲ್ಲದ ಸಂಗತಿಯೇನಲ್ಲ. ಸಂಶೋಧಕ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ಸುಮಾರು 69 ಲಕ್ಷ ಸಲ ವೀಡಿಯೊ ನೋಡಿದ ದಾಖಲೆಯನ್ನು ಜಾಲಾಡಿ 2014ರಲ್ಲೇ ಪ್ರಕಟಿಸಿದ್ದರು: ವೀಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಸಾಮಾನ್ಯವಾಗಿ ಆರು ನಿಮಿಷದಾಚೆ ನಿಲ್ಲುವುದಿಲ್ಲ. ಬರೀ ಸ್ಲೈಡ್ ತೋರಿಸುವುದಕ್ಕಿಂತ ಮೇಷ್ಟ್ರ ಕೈ ಬರೆಯುತ್ತಾ ಹೋಗುವುದನ್ನು ನೋಡಲು ಹೆಚ್ಚು ಹೊತ್ತು ಕೂರುತ್ತಾರೆ ಎಂಬುದೂ ಅದರಲ್ಲಿದೆ. ನನ್ನ ಹಾಳೆ, ಪೆನ್ನು ಅಷ್ಟೇನೂ ಹಳೇಕಾಲದವಲ್ಲ ಎಂದು ಓದಿ ಖುಷಿಪಟ್ಟೆ.

ಹಾಗೆ ನೋಡಿದರೆ ದೂರದಿಂದ ಕಲಿಸುವುದು ನಮಗೆ ಹೊಸದೂ ಅಲ್ಲ. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟುವ ಮೊದಲೇ ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಇತ್ತು. ಬ್ಯಾಂಕಿನವರು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಹಾಗೆ ಪದವಿ ಪಡೆದರು. ಪಾಠದ ಪುಸ್ತಕ ಅಂಚೆಯಲ್ಲಿ ಹೋಗುತ್ತಿತ್ತು. ಆದರೆ ಓದುವವರನ್ನು ಹಿಡಿದು ನಿಲ್ಲಿಸಬಲ್ಲದ್ದು, ತಾವು ಬರೆದ ಉತ್ತರದ ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೀಚಿದ ಎರಡು ಸಾಲು.

ಈಗ ಕೊರೊನಾ ಲಾಕ್‌ಡೌನ್ ಇಲ್ಲ, ಆನ್‌ಲೈನ್ ಪಾಠ ಉಳಿದಿದೆ. ಪೂರ್ತಿ ಪದವಿಗಳೇ ಆನ್‌ಲೈನ್ ಆಗಿವೆ. ಒಂದು ಸೆಮಿಸ್ಟರಿನಲ್ಲಿ ಶೇ 40ರವರೆಗೆ ಕೋರ್ಸುಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಓದಲು 2021ರಿಂದ ಯುಜಿಸಿ ಅನುಮತಿ ಇದೆ. ನಾನು ಕಂಡಂತೆ ಹುಡುಗರು ಜಾರುವುದು ಮೊದಲ ಮೂರು ವಾರದಲ್ಲಿ. ಮೊದಲ ಅಸೈನ್‌ಮೆಂಟ್ ತಪ್ಪಿದವನಿಗೆ ಆ ವಾರವೇ ಫೋನ್ ಹೋದರೆ ಉಳಿಯುತ್ತಾನೆ, ಇಂಟರ್ನಲ್ಸ್ ಹತ್ತಿರ ಬಂದಾಗ ಬೈದರೆ ಇಲ್ಲ. ಹಾಗಾಗಿ ಮೊದಲನೆಯದನ್ನು ಬಲು ಸಣ್ಣದು ಕೊಡುತ್ತೇನೆ. ಒಂದೇ ಲೆಕ್ಕ, ಒಂದೇ ಫೋಟೊ. ಕ್ಯಾಮೆರಾ ಆನ್ ಮಾಡಿ ಎಂದು ಗದರುವುದನ್ನು ಬಿಟ್ಟಿದ್ದೇನೆ. ಹಿಂದಿನ ಗೋಡೆಯನ್ನು ಸಹಪಾಠಿಗಳಿಗೆ ತೋರಿಸಲು ಎಲ್ಲರಿಗೂ ಇಷ್ಟವಿರುವುದಿಲ್ಲ.

ಇದನ್ನೆಲ್ಲ ಮೇಷ್ಟ್ರ ಒಳ್ಳೆಯತನಕ್ಕೆ ಬಿಟ್ಟರೆ ನಡೆಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕೆಂದು ಯುಜಿಸಿ ಲೆಕ್ಕ ಇದೆ. ಎಂಬತ್ತು ಹುಡುಗರ ನೋಟ್‌ಬುಕ್ಕಿನ ಫೋಟೊ ಹಿಗ್ಗಿಸಿ ನೋಡುವ ರಾತ್ರಿಗಳು ಆ 16ರಲ್ಲಿ ಎಲ್ಲಿ ಸೇರುತ್ತವೆ? ಇದೇ ಕೆಲಸವನ್ನು ಸೆಮಿಸ್ಟರ್ ಮುಗಿದರೆ ಕೆಲಸವಿದೆಯೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರಿಂದ ಕೇಳಲು ನನಗಂತೂ ಬಾಯಿ ಬರುವುದಿಲ್ಲ. ಆನ್‌ಲೈನ್ ಎಂದರೆ ಒಬ್ಬ ಮೇಷ್ಟ್ರಿಗೆ ಇನ್ನಷ್ಟು ಹುಡುಗರು ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿಗಳು, 40,000ವನ್ನು 20ರಿಂದ ಭಾಗಿಸುತ್ತಿವೆ.

ಈ ಸಲದ ಆನ್‌ಲೈನ್ ಬ್ಯಾಚಿನಲ್ಲಿ ಮೂವರ ಹಾಳೆ ಇನ್ನೂ ಬಂದಿಲ್ಲ. ಊಟ ಮುಗಿಸಿ ಇಬ್ಬರಿಗೆ ಫೋನ್ ಮಾಡಬೇಕು. ಮೂರನೆಯವಳು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದಾಳೆ, ಅವಳಿಗೆ ಸಂಜೆ ಆರರ ಮೇಲೆ.